ಬೆರ್ಗಮೊ ಊರೂ ಇಟಲಿಯ ಕಾಲ್ಚೆಂಡೂ

ಕಾಲ್ಚೆಂಡಿನ ದಾಖಲೆ ಪುಸ್ತಕದಲ್ಲಿ ಇಟಲಿ ದೇಶದ 2019–20ರ ಪುಟವನ್ನು ತೆರೆದವರಿಗೆ ಮೊದಲ ನೋಟಕ್ಕೆ ವಿಶೇಷವೇನೂ ಕಾಣದು. ಅಗ್ರಶ್ರೇಣಿಯಲ್ಲಿ ಇಪ್ಪತ್ತು ತಂಡಗಳು, ಪ್ರತಿ ತಂಡಕ್ಕೆ 38 ಪಂದ್ಯಗಳು, ಒಟ್ಟು 380. ಟೂರಿನ್ ನಗರದ ಯುವೆಂಟಸ್ ತಂಡ 83 ಅಂಕ ಗಳಿಸಿ ಪ್ರಥಮ; ಮಿಲಾನಿನ ಇಂಟರ್ ಒಂದೇ ಅಂಕ ಕಡಿಮೆಯಾಗಿ ದ್ವಿತೀಯ. ಯುವೆಂಟಸ್ ತಂಡಕ್ಕೆ ಇದು ಸತತ ಒಂಬತ್ತನೆಯ ಪ್ರಶಸ್ತಿ, ಒಟ್ಟಿನಲ್ಲಿ ಮೂವತ್ತಾರನೆಯದು. ಗೆದ್ದವರೇ ಮತ್ತೆ ಗೆದ್ದರು, ಅಷ್ಟೆ. ಆದರೆ ತಾರೀಖುಗಳ ಮೇಲೆ ಕಣ್ಣು ಹಾಯಿಸಿದಾಗ ಓದುಗರು ಒಂದು ಕ್ಷಣ ತಡೆಯುತ್ತಾರೆ. ಆರಂಭ 24 ಆಗಸ್ಟ್ 2019. ಮುಕ್ತಾಯ 2 ಆಗಸ್ಟ್ 2020. ಮೇ ತಿಂಗಳಲ್ಲಿ ಮುಗಿಯಬೇಕಾಗಿದ್ದ ಪಂದ್ಯಾವಳಿ ಬೇಸಗೆಯನ್ನೆಲ್ಲ ನುಂಗಿ ಆಗಸ್ಟಿಗೆ ಬಂದು ನಿಂತದ್ದೇಕೆಂಬುದನ್ನು ಈ ಲೇಖನದಲ್ಲಿ ಹೇಳಬೇಕೆಂದಿದ್ದೇವೆ.

ನಾವು ಕ್ರೀಡಾ ವರದಿಗಾರರಲ್ಲ. ಓದಿದ್ದು ವಿಜ್ಞಾನ, ಹೊಟ್ಟೆ ಹೊರೆಯುವುದು ಕೇಂದ್ರ ಸರಕಾರದ ಕಚೇರಿಯ ಕಡತಗಳಿಂದ. 2020ರ ಮಾರ್ಚ್ ಕೊನೆಯಲ್ಲಿ ನಮ್ಮ ದೇಶಕ್ಕೂ ಬೀಗ ಬಿದ್ದು ಮನೆಯಲ್ಲಿ ಕುಳಿತಾಗ, ಆಟದ ಸುದ್ದಿ ಹುಡುಕುತ್ತ ಇಟಲಿಯ ಕಡೆ ಹೋದೆವು. ಸಿಕ್ಕಿದ್ದು ಒಂದು ಊರಿನ ಸುದ್ದಿ.

ಆ ಊರಿನ ಹೆಸರು ಬೆರ್ಗಮೊ. ಉತ್ತರ ಇಟಲಿಯ ಲೊಂಬಾರ್ದಿ ಪ್ರಾಂತದಲ್ಲಿ, ಮಿಲಾನಿನಿಂದ ಐವತ್ತು ಕಿಲೋಮೀಟರಿನಷ್ಟು ಈಶಾನ್ಯಕ್ಕಿದೆ. ಗುಡ್ಡದ ಮೇಲೆ ಕೋಟೆಗೋಡೆಯ ಹಳೆಯ ಪೇಟೆ, ಕೆಳಗೆ ಹೊಸ ಪೇಟೆ; ಜನಸಂಖ್ಯೆ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ. ಊರಿನ ತಂಡಕ್ಕೆ ಗ್ರೀಕ್ ಪುರಾಣದ ಓಟಗಾತಿಯ ಹೆಸರು: ಅಟಲಾಂಟಾ. 1907ರಲ್ಲಿ ಹುಟ್ಟಿದ ಈ ತಂಡಕ್ಕೆ ನೂರು ವರ್ಷಗಳಲ್ಲಿ ದಕ್ಕಿದ್ದ ದೊಡ್ಡ ಬಹುಮಾನ ಒಂದೇ, 1963ರ ಇಟಲಿ ಕಪ್ಪು. ಮೇಲಿನ ಶ್ರೇಣಿಗೆ ಹತ್ತುವುದು, ಕೆಳಗಿನ ಶ್ರೇಣಿಗೆ ಇಳಿಯುವುದು, ಇದೇ ಅದರ ಚರಿತ್ರೆ. ಆದರೂ ಊರಿಗೆ ಅದರ ಮೇಲೆ ಪ್ರಾಣ. ಬೆರ್ಗಮೊದಲ್ಲಿ ಹುಟ್ಟುವ ಪ್ರತಿ ಮಗುವಿಗೂ ತಂಡದವರು ನೀಲಿ ಕಪ್ಪು ಪಟ್ಟೆಯ ಪುಟ್ಟ ಅಂಗಿಯೊಂದನ್ನು ಕೊಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ತೊಟ್ಟಿಲು ಶಾಸ್ತ್ರಕ್ಕೆ ಸೋದರಮಾವ ತರುವ ಉಡುಗೊರೆಯಂತೆ ಎಂದುಕೊಂಡೆವು.

2016ರಲ್ಲಿ ಜಾನ್ ಪಿಯೆರೊ ಗ್ಯಾಸ್ಪೆರಿನಿ ತರಬೇತುದಾರರಾಗಿ ಬಂದ ಮೇಲೆ ಈ ಬಡ ತಂಡದ ದೆಸೆ ತಿರುಗಿತು. 2019ರಲ್ಲಿ ಮೂರನೆಯ ಸ್ಥಾನ ಪಡೆದು, ಯುರೋಪಿನ ಅತಿ ದೊಡ್ಡ ಸ್ಪರ್ಧೆಯಾದ ಚಾಂಪಿಯನ್ಸ್ ಲೀಗಿಗೆ ಅದು ಮೊತ್ತಮೊದಲ ಬಾರಿ ಅರ್ಹವಾಯಿತು. ಸ್ವಂತ ಅಂಗಣ ಯುರೋಪಿನ ನಿಯಮಗಳಿಗೆ ಒಪ್ಪುವಂತಿರಲಿಲ್ಲವಾಗಿ, ಊರಿನ ಪಾಲಿನ ಪಂದ್ಯಗಳನ್ನು ಮಿಲಾನಿನ ಸಾನ್ ಸೀರೊ ಅಂಗಣದಲ್ಲಿ ಆಡಬೇಕಾಯಿತು. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

19 ಫೆಬ್ರವರಿ 2020, ಬುಧವಾರ. ಸ್ಪೇನಿನ ವಲೆನ್ಸಿಯಾ ತಂಡದ ಎದುರು ಅಟಲಾಂಟಾದ ಪಂದ್ಯ. ಬೆರ್ಗಮೊ ಮತ್ತು ಸುತ್ತಲಿನ ಹಳ್ಳಿಗಳಿಂದ ಸುಮಾರು 40,000 ಜನ ಬಸ್ಸು, ರೈಲು, ಕಾರುಗಳಲ್ಲಿ ಮಿಲಾನಿಗೆ ಹೊರಟರು. ಊರಿನ ಜನಸಂಖ್ಯೆಯ ಮೂರನೆಯ ಒಂದು ಪಾಲು ಎಂದರೆ ಅದರ ಅಂದಾಜು ಬಂದೀತು. ಅಟಲಾಂಟಾ 4–1ರಿಂದ ಗೆದ್ದಿತು. ಪ್ರತಿ ಗೋಲಿಗೂ ಅಪ್ಪಿಕೊಂಡರು, ಮುತ್ತಿಟ್ಟರು, ಕೂಗಿದರು. ಮನೆಯಲ್ಲೇ ಉಳಿದವರು ಮದ್ಯದಂಗಡಿಗಳಲ್ಲಿ, ನೆಂಟರ ಮನೆಗಳಲ್ಲಿ ಗುಂಪುಗೂಡಿ ನೋಡಿದರು. ಆ ಊರಿನ ಚರಿತ್ರೆಯಲ್ಲೇ ಅಂಥ ಸಂತೋಷದ ರಾತ್ರಿ ಇನ್ನೊಂದಿರಲಿಲ್ಲ.

ಮರುದಿನ ರಾತ್ರಿ ಅದೇ ಪ್ರಾಂತದ ಕೊದೊನ್ಯೊ ಎಂಬ ಪಟ್ಟಣದ ಆಸ್ಪತ್ರೆಯಲ್ಲಿದ್ದ ರೋಗಿಯೊಬ್ಬನಿಗೆ ಕೊರೋನಾ ತಗುಲಿದೆಯೆಂದು ಪರೀಕ್ಷೆ ಹೇಳಿತು. ಚೀನಾಕ್ಕೆ ಹೋಗಿ ಬಂದವನಲ್ಲ, ಊರಲ್ಲೇ ಇದ್ದವನು.

ಮುಂದೆ ಬೆರ್ಗಮೊದ ಆಸ್ಪತ್ರೆಯ ಶ್ವಾಸಕೋಶ ತಜ್ಞರೊಬ್ಬರು ಆ ಪಂದ್ಯವನ್ನು ಜೈವಿಕ ಬಾಂಬೆಂದು ಕರೆದರು. ಪತ್ರಿಕೆಗಳು ಆ ಮಾತನ್ನು ಹಿಡಿದುಕೊಂಡವು. ವಿಜ್ಞಾನ ಓದಿದವರೆಂಬ ಹಕ್ಕಿನಿಂದ ನಾವಿಲ್ಲಿ ಎರಡು ಮಾತು ಹೇಳಬೇಕು. ಸೋಂಕು ತಗುಲಿದವನಲ್ಲಿ ಲಕ್ಷಣ ಕಾಣಿಸಿಕೊಳ್ಳಲು ಸಾಧಾರಣವಾಗಿ ಐದಾರು ದಿನ, ಕೆಲವೊಮ್ಮೆ ಎರಡು ವಾರ ಬೇಕು. ಮಾರ್ಚ್ ಮೊದಲ ವಾರದಲ್ಲಿ ಬೆರ್ಗಮೊದಲ್ಲಿ ರೋಗಿಗಳ ಸಂಖ್ಯೆ ಒಮ್ಮೆಲೇ ಏರಿತು. ಲೆಕ್ಕ ಹೊಂದುತ್ತದೆ. ಆದರೆ ಲೆಕ್ಕ ಹೊಂದಿದ ಮಾತ್ರಕ್ಕೆ ಕಾರಣ ಸಿದ್ಧವಾಗದು. ರೋಗಾಣು ಅದಕ್ಕೆ ಮುಂಚೆಯೇ ಲೊಂಬಾರ್ದಿಯಲ್ಲಿ ಸದ್ದಿಲ್ಲದೆ ಹರಡುತ್ತಿತ್ತು. ಬೆರ್ಗಮೊದ ಪಕ್ಕದ ಆಲ್‌ಜಾನೊ ಲೊಂಬಾರ್ದೊ ಎಂಬಲ್ಲಿ ಫೆಬ್ರವರಿ 23ರಂದು ರೋಗಿಗಳು ಪತ್ತೆಯಾದಾಗ ಆಸ್ಪತ್ರೆಯನ್ನು ಮುಚ್ಚಿ, ಕೆಲವೇ ಗಂಟೆಗಳಲ್ಲಿ ಮತ್ತೆ ತೆರೆದರು. ಆ ಕಣಿವೆಗೆ ದಿಗ್ಬಂಧನ ಹಾಕುವುದೋ ಬೇಡವೋ ಎಂಬ ಚರ್ಚೆಯಲ್ಲಿ ದಿನಗಳು ಕಳೆದವು. ಪಂದ್ಯದಿಂದ ಬೆಂಕಿ ಹೊತ್ತಿತೆನ್ನುವುದಕ್ಕಿಂತ, ಆಗಲೇ ಹೊತ್ತಿದ್ದ ಬೆಂಕಿಗೆ ಅದು ಗಾಳಿ ಹಾಕಿತು ಎಂದರೆ ಸತ್ಯಕ್ಕೆ ಹತ್ತಿರವಾದೀತು. ಅಂದು ಸಾನ್ ಸೀರೊದಲ್ಲಿ ಕುಣಿದವರ ಮೇಲೆ ತಪ್ಪು ಹೊರಿಸಲು ನಮಗೆ ಮನಸ್ಸು ಬಾರದು. ಅವರಿಗೆ ಯಾರೂ ಏನನ್ನೂ ಹೇಳಿರಲಿಲ್ಲ.

ಪಂದ್ಯಾವಳಿಯಾದರೂ ಕೂಡಲೆ ನಿಂತಿತೆ? ಇಲ್ಲ. ಫೆಬ್ರವರಿಯ ಆ ವಾರಾಂತ್ಯದಲ್ಲಿ ಉತ್ತರದ ನಾಲ್ಕು ಪಂದ್ಯಗಳನ್ನು ಮುಂದೂಡಿದರು, ಉಳಿದವನ್ನು ಆಡಿಸಿದರು. ಬಳಿಕ ಒಂದು ವಾರವೆಲ್ಲ ಬಾಗಿಲು ಮುಚ್ಚಿ ಆಡುವುದೋ, ಮುಂದೂಡುವುದೋ ಎಂಬ ಜಗ್ಗಾಟ. ಮಾರ್ಚ್ 8ರಂದು ಲೊಂಬಾರ್ದಿಗೆ ದಿಗ್ಬಂಧನ ಬಿದ್ದ ದಿನವೇ ಪಾರ್ಮಾ ಊರಿನಲ್ಲಿ ಇನ್ನೇನು ಅಂಗಣಕ್ಕಿಳಿಯಬೇಕೆಂದು ನಿಂತಿದ್ದ ಆಟಗಾರರನ್ನು ಹಿಂದಕ್ಕೆ ಕರೆದರು. ಎಲ್ಲ ಪಂದ್ಯಗಳನ್ನೂ ನಿಲ್ಲಿಸಬೇಕೆಂದು ಕ್ರೀಡಾ ಮಂತ್ರಿ ಸ್ಪಾದಫೋರಾ ಆ ಹೊತ್ತಿಗೆ ಹೇಳಿಕೆ ಕೊಟ್ಟಿದ್ದರು. ಎಪ್ಪತ್ತೈದು ನಿಮಿಷ ಕಾದು, ಲಿಖಿತ ಆಜ್ಞೆ ಯಾವುದೂ ಬಾರದಿದ್ದುದರಿಂದ ಆಟ ಆರಂಭವಾಯಿತು. ಮೌಖಿಕ ಆದೇಶಕ್ಕೂ ಲಿಖಿತ ಆದೇಶಕ್ಕೂ ನಡುವೆ ಸಿಕ್ಕಿಬೀಳುವ ಸಂಕಟ ಏನೆಂಬುದು ಕಚೇರಿಯಲ್ಲಿರುವ ನಮ್ಮಂಥವರಿಗೆ ಚೆನ್ನಾಗಿ ಗೊತ್ತು.

ಮಾರ್ಚ್ 9ರ ಸೋಮವಾರ ಸಸ್ಸುವೊಲೊ ತಂಡ ಬ್ರೆಶಾ ತಂಡವನ್ನು ಖಾಲಿ ಅಂಗಣದಲ್ಲಿ 3–0ರಿಂದ ಸೋಲಿಸಿತು. ಗೋಲು ಹೊಡೆದ ಫ್ರಾಂಚೆಸ್ಕೊ ಕಾಪುತೊ ಒಂದು ಕಾಗದವನ್ನು ಕ್ಯಾಮೆರಾದ ಮುಂದೆ ಹಿಡಿದರು. ಎಲ್ಲ ಸರಿಹೋಗುತ್ತದೆ, ಮನೆಯಲ್ಲೇ ಇರಿ ಎಂದು ಅದರಲ್ಲಿ ಕೈಯಿಂದ ಬರೆದಿತ್ತು. ಅದೇ ರಾತ್ರಿ ಪ್ರಧಾನಿ ಜುಸೆಪ್ಪೆ ಕೊಂತೆ ಇಡೀ ದೇಶಕ್ಕೆ ದಿಗ್ಬಂಧನ ಸಾರಿದರು. ಪಂದ್ಯಾವಳಿ ನಿಂತಿತು. ಇತ್ತ ನಮ್ಮ ದೇಶದಲ್ಲಿ ಅದೇ ದಿನ ರಾಜಕೋಟದಲ್ಲಿ ರಣಜಿ ಅಂತಿಮ ಪಂದ್ಯ ಶುರುವಾಗಿತ್ತು. ಕರ್ನಾಟಕ ಉಪಾಂತ್ಯದಲ್ಲಿ ಬಂಗಾಳಕ್ಕೆ ಸೋತಿತೆಂಬುದೇ ಆ ವಾರ ನಮ್ಮ ಬಳಗಕ್ಕೆ ದೊಡ್ಡ ದುಃಖವಾಗಿತ್ತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಟಲಾಂಟಾಕ್ಕೆ ಮಾತ್ರ ಇನ್ನೊಂದು ಕೆಲಸ ಬಾಕಿಯಿತ್ತು. ಮಾರ್ಚ್ 10ರಂದು ವಲೆನ್ಸಿಯಾದ ಖಾಲಿ ಅಂಗಣದಲ್ಲಿ ಮರುಪಂದ್ಯ. ಅಟಲಾಂಟಾ 4–3ರಿಂದ ಗೆದ್ದಿತು. ನಾಲ್ಕು ಗೋಲುಗಳನ್ನೂ ಸ್ಲೊವೇನಿಯಾದ ಯೊಸಿಪ್ ಇಲಿಚಿಚ್ ಒಬ್ಬರೇ ಹೊಡೆದರು. ಆ ದಿನಗಳಲ್ಲಿ ತಮಗೇ ಮೈ ಸರಿಯಿರಲಿಲ್ಲವೆಂದು ಗ್ಯಾಸ್ಪೆರಿನಿ ಎರಡು ತಿಂಗಳ ಮೇಲೆ ತಿಳಿಸಿದರು. ವಲೆನ್ಸಿಯಾ ತಂಡದವರು ತಮ್ಮ ಆಟಗಾರರು ಮತ್ತು ಸಿಬ್ಬಂದಿಯಲ್ಲಿ ಶೇಕಡಾ 35ರಷ್ಟು ಮಂದಿಗೆ ಸೋಂಕಿದೆಯೆಂದು ಆ ತಿಂಗಳ ಮಧ್ಯದಲ್ಲಿ ಪ್ರಕಟಿಸಿದರು.

ಮುಂದಿನದನ್ನು ಬರೆಯುವುದು ಕಷ್ಟ. ಬೆರ್ಗಮೊದ ದಿನಪತ್ರಿಕೆಯಲ್ಲಿ ಒಂದೆರಡು ಪುಟವಿರುತ್ತಿದ್ದ ಮರಣ ವಾರ್ತೆ ಮಾರ್ಚ್ ಮಧ್ಯದ ಹೊತ್ತಿಗೆ ಹತ್ತು ಪುಟಗಳಾಯಿತು. ಮಾರ್ಚ್ 18ರ ರಾತ್ರಿ, ಊರಿನ ಚಿತಾಗಾರಕ್ಕೆ ಸಾಲದೆ ಹೋದ ಶವಪೆಟ್ಟಿಗೆಗಳನ್ನು ಸೈನ್ಯದ ಲಾರಿಗಳು ಸಾಲಾಗಿ ಬೇರೆ ಊರುಗಳಿಗೆ ಒಯ್ದವು. ಕಿಟಕಿಯಿಂದ ಯಾರೋ ತೆಗೆದ ಆ ಚಿತ್ರವನ್ನು ಜಗತ್ತೇ ನೋಡಿತು. ಇಟಲಿಯ ಅಂಕಿಅಂಶ ಸಂಸ್ಥೆಯ ಲೆಕ್ಕದಂತೆ ಬೆರ್ಗಮೊ ಜಿಲ್ಲೆಯಲ್ಲಿ ಆ ಮಾರ್ಚಿನ ಸಾವುಗಳು ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇಕಡಾ 568 ಹೆಚ್ಚು. ಸಾಮಾನ್ಯ ವರ್ಷದಲ್ಲಿ ಒಬ್ಬರು ತೀರಿಕೊಳ್ಳುವಲ್ಲಿ ಆರೂವರೆಗೂ ಮಿಕ್ಕಿ ಜನ ತೀರಿಕೊಂಡರು. ಹೋದವರಲ್ಲಿ ಹೆಚ್ಚಿನವರು ಹಿರಿಯರು. ಮಕ್ಕಳ ಕೈಹಿಡಿದು ಅಂಗಣಕ್ಕೆ ಕರೆದೊಯ್ದು ಆಟ ಕಲಿಸಿದ ತಲೆಮಾರಿನವರು.

ಆಗ ಅಟಲಾಂಟಾದ ಅಭಿಮಾನಿಗಳ ದಂಡು ಬೇರೊಂದು ರೂಪ ತಾಳಿತು. ಇಟಲಿಯಲ್ಲಿ ಈ ಕಟ್ಟಾ ಅಭಿಮಾನಿಗಳಿಗೆ ಒಳ್ಳೆಯ ಹೆಸರಿಲ್ಲ. ಪಟಾಕಿ, ಹೊಡೆದಾಟ, ಪೊಲೀಸರೊಡನೆ ಜಗಳ ಅವರ ನಿತ್ಯದ ವ್ಯವಹಾರ. ಆ ಮಂದಿಯೇ ಪರ್ವತ ಸೈನಿಕರ ಸಂಘದವರೊಡನೆ, ಊರಿನ ಬಡಗಿ, ವಿದ್ಯುತ್ ಕೆಲಸಗಾರ, ಬಣ್ಣ ಬಳಿಯುವವರೊಡನೆ ಸೇರಿ ವಸ್ತುಪ್ರದರ್ಶನದ ಕಟ್ಟಡವನ್ನು ಕೆಲವೇ ದಿನಗಳಲ್ಲಿ ಆಸ್ಪತ್ರೆಯಾಗಿ ಮಾರ್ಪಡಿಸಿದರು. ಏಪ್ರಿಲ್ ಮೊದಲ ಭಾಗದಲ್ಲಿ ಅಲ್ಲಿ ರೋಗಿಗಳನ್ನು ಸೇರಿಸಿಕೊಂಡರು. ವಲೆನ್ಸಿಯಾ ಪ್ರಯಾಣಕ್ಕೆಂದು ಕೊಂಡಿದ್ದ ಟಿಕೆಟ್ಟುಗಳ ಹಣ ವಾಪಸು ಬಂದಾಗ ಅದನ್ನೂ ಊರಿನ ದೊಡ್ಡಾಸ್ಪತ್ರೆಗೆ ಕೊಟ್ಟರು.

ಇತ್ತ ಪಂದ್ಯಾವಳಿಯ ಕಡತ ಮೇಜಿನ ಮೇಲೆ ಹಾಗೇ ಬಿದ್ದಿತ್ತು. 256 ಪಂದ್ಯಗಳು ಮುಗಿದಿದ್ದವು, 124 ಬಾಕಿ. ಯುವೆಂಟಸ್ 63, ರೋಮಿನ ಲಾಟ್ಸಿಯೊ 62. ಇಪ್ಪತ್ತೊಂದು ಪಂದ್ಯಗಳಿಂದ ಸೋಲನ್ನೇ ಕಾಣದ ಲಾಟ್ಸಿಯೊ, 2000ದ ನಂತರ ಮೊದಲ ಬಾರಿ ಪ್ರಶಸ್ತಿಯ ಕನಸು ಕಾಣುತ್ತಿತ್ತು. ಅದರ ಅಧ್ಯಕ್ಷ ಲೊತೀತೊ ಆಟ ಮುಂದುವರಿಯಲೇಬೇಕೆಂದು ಪಟ್ಟುಹಿಡಿದರು. ಬ್ರೆಶಾದ ಅಧ್ಯಕ್ಷ ಚೆಲ್ಲೀನೊ ಕೂಡದೆಂದರು. ಬ್ರೆಶಾ ಊರೂ ರೋಗದಿಂದ ಬಹಳ ನೊಂದಿತ್ತೆಂಬುದು ನಿಜ. ತಂಡ ಪಟ್ಟಿಯ ಕಟ್ಟಕಡೆಯಲ್ಲಿತ್ತೆಂಬುದೂ ನಿಜ. ದೂರದರ್ಶನದ ಹಕ್ಕಿನ ಕೊನೆಯ ಕಂತಿನ ತಕರಾರು ಬೇರೆ. ಯುವೆಂಟಸ್ ಆಟಗಾರರು ನಾಲ್ಕು ತಿಂಗಳ ಸಂಬಳ ಬಿಟ್ಟುಕೊಡಲೊಪ್ಪಿ 9 ಕೋಟಿ ಯೂರೊ ಉಳಿಸಿದರು. ಹಾಲೆಂಡ್ ಪ್ರಶಸ್ತಿಯನ್ನೇ ಕೊಡದೆ ಪಂದ್ಯಾವಳಿ ರದ್ದು ಮಾಡಿತು, ಫ್ರಾನ್ಸ್ ಅರ್ಧಕ್ಕೇ ನಿಲ್ಲಿಸಿ ವಿಜಯಿಯನ್ನು ಘೋಷಿಸಿತು, ಜರ್ಮನಿ ಮೇ 16ಕ್ಕೆ ಆಡಲಾರಂಭಿಸಿತು.

ಇಟಲಿಗೆ ಈ ಪ್ರಶ್ನೆ ಹೊಸದಲ್ಲ. 1915ರ ಮೇ 23ರಂದು, ಕೊನೆಯ ಸುತ್ತಿನ ಪಂದ್ಯಗಳ ದಿನವೇ, ಇಟಲಿ ಮಹಾಯುದ್ಧಕ್ಕಿಳಿದು ಆಟ ನಿಂತಿತ್ತು. ಯುದ್ಧ ಮುಗಿದ ಮೇಲೆ ಪ್ರಶಸ್ತಿಯನ್ನು ಜಿನೋವಾ ತಂಡಕ್ಕೆ ಕೊಟ್ಟರು. ತಮಗೂ ಪಾಲು ಬರಬೇಕಿತ್ತೆಂದು ನೂರು ವರ್ಷಗಳ ಮೇಲೂ ವಾದಿಸುತ್ತಿದ್ದವರು ಯಾರು? ಇದೇ ಲಾಟ್ಸಿಯೊ. ಅರ್ಧಕ್ಕೆ ಬಿಟ್ಟ ಕಡತ ಎಷ್ಟು ಕಾಲ ಕಾಡುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೊನೆಗೆ ಮೇ 28ರಂದು ಸರಕಾರ ಒಪ್ಪಿತು. ಜೂನ್ 20ರಿಂದ ಆಗಸ್ಟ್ 2ರವರೆಗೆ 44 ದಿನಗಳಲ್ಲಿ 124 ಪಂದ್ಯಗಳು. ಸುಡುಬೇಸಗೆಯಾದ್ದರಿಂದ ಸಂಜೆ ಐದೂಕಾಲು, ಏಳೂವರೆ, ಒಂಬತ್ತೂಮುಕ್ಕಾಲಕ್ಕೆ ಆಟ. ನಡುವೆ ನೀರು ಕುಡಿಯಲು ವಿರಾಮ. ಮೂವರ ಬದಲು ಐವರು ಬದಲಿ ಆಟಗಾರರು. ಕೊನೆಯ ಪಂದ್ಯ ನಮಗೆ ನಡುರಾತ್ರಿ ಕಳೆದು ಒಂದೂಕಾಲಕ್ಕೆ. ಎಚ್ಚರವಿದ್ದು ನೋಡಿದೆವು. ಖಾಲಿ ಕುರ್ಚಿಗಳ ನಡುವೆ ಚೆಂಡಿಗೆ ಕಾಲು ತಾಗುವ ಸದ್ದು, ತರಬೇತುದಾರರ ಬೈಗುಳ ಸ್ಪಷ್ಟವಾಗಿ ಕೇಳುತ್ತಿತ್ತು. ಪ್ರೇಕ್ಷಕರಿಲ್ಲದ ಆಟ ತಾಲೀಮಿನಂತೆ ಕಾಣುತ್ತದೆಂದು ಆಗ ತಿಳಿಯಿತು.

ಮೊದಲಿಗೆ ಆಡಿಸಿದ್ದು ಫೆಬ್ರವರಿಯಲ್ಲಿ ಮುಂದೂಡಿದ್ದ ಆ ನಾಲ್ಕು ಪಂದ್ಯಗಳನ್ನೇ. ಜೂನ್ 21ರಂದು ಬೆರ್ಗಮೊದಲ್ಲಿ ಮೌನಾಚರಣೆಯ ನಂತರ ಅಟಲಾಂಟಾ ಸಸ್ಸುವೊಲೊವನ್ನು 4–1ರಿಂದ ಸೋಲಿಸಿತು. ಮೂರು ದಿನಗಳ ಮೇಲೆ ಲಾಟ್ಸಿಯೊ ಬಂದಿತು. ಎರಡು ಗೋಲು ಮುಂದಿದ್ದೂ 3–2ರಿಂದ ಸೋತಿತು. ರೋಮಿನವರ ಕನಸು ಮುರಿದದ್ದು ಆ ರಾತ್ರಿ. ಅವರ ಚೀರೊ ಇಮ್ಮೊಬಿಲೆ 36 ಗೋಲು ಹೊಡೆದು ಒಂದು ಪಂದ್ಯಾವಳಿಯ ದಾಖಲೆಯನ್ನು ಸರಿಗಟ್ಟಿದರೂ ತಂಡ ನಾಲ್ಕನೆಯ ಸ್ಥಾನಕ್ಕಿಳಿಯಿತು. ಯುವೆಂಟಸ್ ಜುಲೈ 26ರಂದು ಪ್ರಶಸ್ತಿ ಖಚಿತಪಡಿಸಿಕೊಂಡಿತು; ಎರಡು ವಾರ ಕಳೆಯುವುದರೊಳಗೆ ತರಬೇತುದಾರ ಸಾರಿಯವರನ್ನು ಮನೆಗೆ ಕಳಿಸಿತು. ಗೆದ್ದವರಿಗೂ ಸುಖವಿಲ್ಲದ ವರ್ಷ.

ಅಟಲಾಂಟಾ ಕೊನೆಯ ದಿನ ಇಂಟರ್‌ಗೆ ಸೋಲುವವರೆಗೆ ಮರು ಆರಂಭದ ನಂತರದ ಒಂದು ಪಂದ್ಯವನ್ನೂ ಸೋಲಲಿಲ್ಲ. ಮೂರನೆಯ ಸ್ಥಾನ, 98 ಗೋಲು. ನಾಲ್ಕು ಗೋಲಿನ ವೀರ ಇಲಿಚಿಚ್ ಮಾತ್ರ ಮೊದಲಿನಂತೆ ಆಡಲಾರದೆ ಜುಲೈ ತಿಂಗಳಲ್ಲಿ ತಮ್ಮ ದೇಶಕ್ಕೆ ಹೋಗಿಬಿಟ್ಟರು. ಆಗಸ್ಟ್ 12ರಂದು ಲಿಸ್ಬನ್ ನಗರದ ಖಾಲಿ ಅಂಗಣದಲ್ಲಿ ಪ್ಯಾರಿಸ್ ತಂಡದ ಎದುರು ತೊಂಬತ್ತನೆಯ ನಿಮಿಷದವರೆಗೆ ಅಟಲಾಂಟಾ ಒಂದು ಗೋಲು ಮುಂದಿತ್ತು. ಆಮೇಲಿನ ಮೂರ್ನಾಲ್ಕು ನಿಮಿಷಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟಿತು. ನಮ್ಮ ಮನೆಯಲ್ಲಿ ಆ ಹೊತ್ತಿನಲ್ಲಿ ಎದ್ದಿದ್ದವರು ನಾವೊಬ್ಬರೇ. ಟೀವಿ ಆರಿಸಿ ಬಹಳ ಹೊತ್ತು ಕತ್ತಲಲ್ಲಿ ಕುಳಿತಿದ್ದೆವು.

ಮಾರ್ಚ್ 18ನ್ನು, ಆ ಲಾರಿಗಳ ದಿನವನ್ನು, ಇಟಲಿ 2021ರಲ್ಲಿ ಮೃತರ ಸ್ಮರಣೆಯ ರಾಷ್ಟ್ರೀಯ ದಿನವೆಂದು ಸಾರಿತು. 2024ರ ಮೇ 22ರಂದು ಡಬ್ಲಿನ್ ನಗರದಲ್ಲಿ ಜರ್ಮನಿಯ ಲೆವರ್ಕೂಸನ್ ತಂಡವನ್ನು 3–0ರಿಂದ ಸೋಲಿಸಿ ಅಟಲಾಂಟಾ ಯುರೋಪಾ ಲೀಗ್ ಗೆದ್ದಿತು. 1963ರ ನಂತರ ಮೊದಲ ಕಪ್ಪು. ತರಬೇತುದಾರರು ಅದೇ ಗ್ಯಾಸ್ಪೆರಿನಿ. ಅಂದು ರಾತ್ರಿ ಬೆರ್ಗಮೊದ ಜನ ಮತ್ತೆ ಬೀದಿಗಿಳಿದು ಒಬ್ಬರನ್ನೊಬ್ಬರು ಅಪ್ಪಿಕೊಂಡರು.