ಅಜ್ಜನ ಫೋಟೋದ ಸ್ಟೇಷನ್ ಯಾವುದು?



ಮನೆಯ ಹಳೆಯ ಟ್ರಂಕಿನಲ್ಲಿ ರೈಲ್ವೆ ಫೋಟೋ ಸಿಕ್ಕಿದರೆ ನಾವು ಮೊದಲು ಹಿಂಭಾಗ ತಿರುಗಿಸುತ್ತೇವೆ. ‘ಬಳ್ಳಾರಿ ಜಿಲ್ಲೆ’ ಎಂದಿದ್ದರೆ ಬಳ್ಳಾರಿ ಸ್ಟೇಷನ್ ಎಂದೇ ನಂಬಿಬಿಡುತ್ತೇವೆ. ಎಡವುವುದು ಅಲ್ಲೇ! 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಗುವವರೆಗೆ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ವಿಜಯದಾಸರ ಚಿಪ್ಪಗಿರಿ ಆಗ ಆಲೂರು ತಾಲ್ಲೂಕಿನ ಊರು.

ಆದ್ದರಿಂದ ಬರಹಕ್ಕಿಂತ ಹಳಿಯನ್ನು ನಂಬಿ. ಗುಂತಕಲ್ಲಿನಿಂದ ಆದೋನಿ ಮೇಲೆ ರಾಯಚೂರಿಗೆ ಹೋಗುವುದು ಬ್ರಾಡ್‌ಗೇಜ್, ಅಗಲ 1,676 ಮಿ.ಮೀ. ಮದ್ರಾಸಿನ ಈ ಹಳಿ 1871ರಲ್ಲಿ ರಾಯಚೂರಿನಲ್ಲಿ ಬೊಂಬಾಯಿ ಕಡೆಯ ಹಳಿಯನ್ನು ಕೂಡಿತು. ಗುಂತಕಲ್‌ನಿಂದ ಬಳ್ಳಾರಿ, ಹುಬ್ಬಳ್ಳಿಗೆ ಹೋಗುವ ದಾರಿ ಮಾತ್ರ ಬಹುಕಾಲ ಮೀಟರ್‌ಗೇಜ್, 1,000 ಮಿ.ಮೀ.; ಅದು ಅಗಲವಾದದ್ದು 1990ರ ದಶಕದಲ್ಲಿ. ಗಾರ್ಡ್ ಪಕ್ಕದಲ್ಲಿ ನಿಂತಿದ್ದರೆ ಅವರ ಎತ್ತರದೊಡನೆ ಹೋಲಿಸಿದರೂ ಅಗಲ ಗೊತ್ತಾಗುತ್ತದೆ. ಎರಡೂ ಗೇಜ್ ಅಕ್ಕಪಕ್ಕ ಕಂಡರೆ ಗುಂತಕಲ್ ಇರಬಹುದು. ಆದರೆ ಅದು ಅನಂತಪುರ ಜಿಲ್ಲೆ.

ಡಬ್ಬಿಯ ಮೇಲೆ ‘ಎಂ. ಅಂಡ್ ಎಸ್.ಎಂ.’ ಕಂಡರೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಫೋಟೋ 1908ಕ್ಕಿಂತ ಹಳೆಯದಲ್ಲ. 1951ರಲ್ಲಿ ಆ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿತು. ಅಂಥ ಫೋಟೋದಲ್ಲಿ ಅಗಲ ಹಳಿಯೂ ‘ಬಳ್ಳಾರಿ ಜಿಲ್ಲೆ’ ಎಂಬ ಬರಹವೂ ಇದ್ದರೆ ನಾವು ಮೊದಲು ಹುಡುಕುವುದು ಆದೋನಿ ದಾರಿಯಲ್ಲೇ.

ಇನ್ನೊಂದು ಸುಳಿವು ನಮ್ಮ ಧರ್ಮಕೇಂದ್ರಗಳಲ್ಲಿದೆ. ಹಳೆಯ ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ತಂದೆಯ ಊರೋ ಕೆಲಸವೋ ಬರೆದಿದ್ದರೆ, ಆ ವರ್ಷ ಅಜ್ಜ ಯಾವ ಸ್ಟೇಷನ್ನಿನಲ್ಲಿದ್ದರೆಂದು ಹಿಡಿಯಬಹುದು. ಅಜ್ಜಿಯನ್ನು ಈ ರಜೆಯಲ್ಲೇ ಕೇಳಿ, ತಡಮಾಡಬೇಡಿ. ಫೋಟೋ ತರುವಾಗ ಹಿಂಭಾಗದ ಪ್ರತಿಯನ್ನೂ ತನ್ನಿ. ಅದರ ಮೇಲೆ ಪೆನ್ನಿನಿಂದ ಮಾತ್ರ ಏನೂ ಬರೆಯಬೇಡಿ.