ತೂತಿನ ಬಿಗಿ, ಕಡಲಿನ ಉಪ್ಪು

ಕಾರ್ಕಳದಲ್ಲಿ 1432ರಲ್ಲಿ ನಿಂತ ಗೊಮ್ಮಟನಿಗೆ ಜೋಡಣೆಯ ಚಿಂತೆಯಿಲ್ಲ, ಅದು ಒಂದೇ ಬಂಡೆ. ಯಂತ್ರಗಳಿಗೆ ಆ ಭಾಗ್ಯವಿಲ್ಲ. ಅಂಟು, ಬೆಸುಗೆ, ಸ್ಕ್ರೂಗಳ ಹಂಗಿಲ್ಲದೆ ಬರೀ ಬಿಗಿಯಿಂದ ಎರಡು ಭಾಗಗಳನ್ನು ಕೂಡಿಸುವುದನ್ನು ನಮ್ಮ ಕಮ್ಮಾರರು ಎತ್ತಿನ ಗಾಡಿಯ ಕಾಲದಲ್ಲೇ ಬಲ್ಲವರಾಗಿದ್ದರು. ಮರದ ಚಕ್ರದ ಸುತ್ತಳತೆಗಿಂತ ತುಸು ಚಿಕ್ಕದಾಗಿ ಕಬ್ಬಿಣದ ಪಟ್ಟಿಯನ್ನು ಬಳೆ ಮಾಡಿ, ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಏರಿಸಿ ನೀರು ಹೊಯ್ದರೆ ಅದು ಕುಗ್ಗಿ ಚಕ್ರವನ್ನು ಕಚ್ಚುತ್ತಿತ್ತು. ಅಲ್ಯೂಮಿನಿಯಂ ತೂತಿಗೆ ಉಕ್ಕಿನ ಪಿನ್ನನ್ನು ಒತ್ತಿ ಕೂರಿಸುವ ಪ್ರೆಸ್ ಫಿಟ್ ಅದೇ ವಂಶದ್ದು. ‘ತುಸು’ ಎಂದರೆ ಎಷ್ಟು ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳೇ ಈ ಕ್ಷೇತ್ರದ ಇತಿಹಾಸ.

ಮೊದಲ ಉತ್ತರ ಗಣಿತದಿಂದ ಬಂತು. 1830ರ ದಶಕದಲ್ಲಿ ಫ್ರಾನ್ಸಿನ ಲಾಮೆ ದಪ್ಪ ಗೋಡೆಯ ಕೊಳವೆಯೊಳಗಿನ ಒತ್ತಡದ ಲೆಕ್ಕ ಕೊಟ್ಟ; ಪಿನ್ನು ಒಳಗಿಂದ ಒತ್ತುವ ತೂತಿಗೂ ಅದೇ ಲೆಕ್ಕ. 1886ರಲ್ಲಿ ವಿದ್ಯುತ್ತಿನಿಂದ ಅಲ್ಯೂಮಿನಿಯಂ ತೆಗೆಯುವ ದಾರಿ ತೆರೆದ ಮೇಲೆ ಆ ಲೋಹ ಕಾರ್ಖಾನೆಗೆ ಎಟುಕಿತು. ಮುಂದೆ ಅಳತೆಯ ಮಿತಿಗಳು ಕೋಷ್ಟಕಗಳಾದವು. ಭಾರತದಲ್ಲಿ ಅವು ಐಎಸ್ 919 ಎಂಬ ಮಾನಕದಲ್ಲಿ ಸೇರಿದವು. ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್, 1953ರಲ್ಲಿ ಎಚ್‌ಎಂಟಿ ಬಂದವು. 1957ರಲ್ಲಿ ಮಣಿಪಾಲದ ತಾಂತ್ರಿಕ ಕಾಲೇಜು ಶುರುವಾದಾಗ ಮೈಕ್ರಾನಿನ ಭಾಷೆ ಕರಾವಳಿಯ ತರಗತಿಗೂ ಇಳಿಯಿತು.

ಕೋಷ್ಟಕವನ್ನು ನಂಬಿದರೆ ಸಾಕೇ? 8 ಮಿಲಿಮೀಟರಿನ ಎಂ6 ದರ್ಜೆಯ ಪಿನ್ನು ಹೆಸರಿನ ಅಳತೆಗಿಂತ 6ರಿಂದ 15 ಮೈಕ್ರಾನ್ ದಪ್ಪ. ಎಚ್7 ತೂತು ಸೊನ್ನೆಯಿಂದ 15 ಮೈಕ್ರಾನ್ ದೊಡ್ಡದು. ಎರಡೂ ಮಿತಿಯೊಳಗೇ ಇದ್ದು ಒಂದು ಜೋಡಿ 15 ಮೈಕ್ರಾನ್ ಬಿಗಿಯಾಗಬಹುದು, ಮತ್ತೊಂದು 9 ಮೈಕ್ರಾನ್ ಸಡಿಲವಾಗಬಹುದು. ನಿಜವಾಗಿ ಕಚ್ಚಬೇಕಾದರೆ ಪಿ7 ತೂತು ಬೇಕು. ಆಗ ಬಿಗಿ 15ರಿಂದ 39 ಮೈಕ್ರಾನ್. ಗ್ರೈಂಡ್ ಮಾಡಿದ ಪಿನ್ನು ಅಂಗಡಿಯಲ್ಲೇ ನಿಖರವಾಗಿ ಸಿಗುತ್ತದೆ, ಮತ್ತೇಕೆ ಚಿಂತೆ ಎನ್ನುವವರು ತೂತನ್ನು ಮರೆಯುತ್ತಾರೆ. ಡ್ರಿಲ್ಲು ತೂತು ಕೊರೆಯುತ್ತದೆ, ಅಳತೆಗೆ ತರುವುದು ರೀಮರ್. ಅಲ್ಯೂಮಿನಿಯಂ ಮೆತ್ತಗಿನ ಲೋಹ, ರೀಮರಿನ ಅಂಚಿಗೆ ಅಂಟಿಕೊಂಡು ತೂತನ್ನು ಕೊಂಚ ಹಿಗ್ಗಿಸಿಬಿಡುತ್ತದೆ. ಅದಕ್ಕೇ ಅನುಭವಿ ಕೈ ಸೀಮೆಎಣ್ಣೆ ಹನಿಸುತ್ತದೆ, ರೀಮರನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಬಿಗಿ ಹುಟ್ಟುವುದು ಆ ತೂತಿನ ಗೋಡೆಯಲ್ಲಿ. ಶಾಖದ ಲೆಕ್ಕವೂ ಅಲ್ಲೇ ಇದೆ: ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, 80 ಡಿಗ್ರಿ ಬಿಸಿಯೇರಿದರೆ 8 ಮಿಲಿಮೀಟರಿನ ಜೋಡಿಯ ಬಿಗಿಯಲ್ಲಿ ಏಳು ಮೈಕ್ರಾನ್ ಕರಗಿಹೋಗುತ್ತದೆ.

ಇಷ್ಟಾದರೂ ಉಡುಪಿಯ ಕರಾವಳಿಗೆ ಈ ವಿದ್ಯೆ ಇನ್ನೂ ಪೂರ್ತಿ ಒಗ್ಗಿಲ್ಲ ಎಂಬುದು ನನ್ನ ವಾದ. 1901ರ ದೀಪಸ್ತಂಭ ನಿಂತಿರುವ ಕಾಪುವಿನ ಬಂಡೆಯ ಮೇಲೆ ಬೀಸುವ ಗಾಳಿಯಲ್ಲಿ ಉಪ್ಪಿದೆ. ಉಪ್ಪುನೀರು ಸೇರಿದರೆ ಉಕ್ಕು ಮತ್ತು ಅಲ್ಯೂಮಿನಿಯಂ ಒಂದು ಪುಟ್ಟ ಬ್ಯಾಟರಿಯಾಗುತ್ತವೆ, ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ತೂತಿನ ಬಾಯಲ್ಲಿ ಬಿಳಿ ಪುಡಿ ಕೂಡುತ್ತದೆ, ರಿಪೇರಿಗೆ ಬಂದಾಗ ಪಿನ್ನು ಜಪ್ಪಯ್ಯ ಎಂದರೂ ಕದಲುವುದಿಲ್ಲ. ದೋಣಿಯ ಹೊರ ಎಂಜಿನ್ನು, ಬೈಕಿನ ಕ್ರ್ಯಾಂಕ್‌ಕೇಸು ಎರಡರಲ್ಲೂ ಇಂಥ ಜೋಡಿಗಳಿವೆ. ಪಿನ್ನು ಚಿಕ್ಕದು, ಅಲ್ಯೂಮಿನಿಯಂ ಮೈ ದೊಡ್ಡದು, ಹಾನಿ ಹಂಚಿಹೋಗುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಇಡೀ ಮೈ ನೆನೆದಿದ್ದಾಗ ಮಾತ್ರ ಅದು ಸರಿ. ತೆಳುವಾದ ತೇವದಲ್ಲಿ ಪಿನ್ನಿನ ಸುತ್ತಲಿನ ಉಂಗುರವಷ್ಟೇ ಪೆಟ್ಟು ತಿನ್ನುತ್ತದೆ. ಸ್ಟೇನ್‌ಲೆಸ್ ಪಿನ್ನು ತಾನು ತುಕ್ಕು ಹಿಡಿಯದಿದ್ದರೂ ಪಕ್ಕದ ಅಲ್ಯೂಮಿನಿಯಮನ್ನು ಕಾಯುವುದಿಲ್ಲ.

ವಿಮಾನ ಕಟ್ಟುವವರು ಇದಕ್ಕೆ ಬಹಳ ಹಿಂದೆಯೇ ದಾರಿ ಕಂಡುಕೊಂಡರು: ಪಿನ್ನು, ರಿವೆಟ್ಟುಗಳನ್ನು ಸೀಲೆಂಟ್ ಹಚ್ಚಿ ಒದ್ದೆಯಾಗಿಯೇ ಕೂರಿಸುವುದು. ಅಷ್ಟು ಬಿಗಿಯಲ್ಲಿ ಸೀಲೆಂಟ್ ಒರೆಸಿಹೋಗುತ್ತದಲ್ಲ ಎಂದರೆ, ಒಳಗಿನದು ಬಹುಪಾಲು ಹೋಗುತ್ತದೆ, ನಿಜ. ಆದರೆ ಕೊರೆತ ಶುರುವಾಗುವುದು ಬಾಯಲ್ಲಿ. ಒತ್ತುವಾಗ ಹಿಂಡಿ ಬಂದ ಸೀಲೆಂಟ್ ಅಲ್ಲೇ, ಪಿನ್ನಿನ ಸುತ್ತ ತೆಳ್ಳಗಿನ ಬಳೆಯಾಗಿ ನಿಲ್ಲುತ್ತದೆ. ಕಡಲ ಬದಿಯ ಯಂತ್ರದ ನಕ್ಷೆಯಲ್ಲಿ ಪಿ7 ಎಂದು ಬರೆಯುವ ಕೈ ಅದರ ಪಕ್ಕದಲ್ಲೇ ಆ ಬಳೆಯನ್ನೂ ಬರೆಯಬೇಕು, ಮತ್ತು ಅದನ್ನು ಬಟ್ಟೆಯಲ್ಲಿ ಒರೆಸಬಾರದೆಂದೂ.