ಮಸ್ಕಿಯ ಬಂಡೆ, ಐವರು ಯವನ ಅರಸರು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಭಾರತದ ಪ್ರಾಚೀನ ರಾಜತಾಂತ್ರಿಕ ಇತಿಹಾಸದ ಒಂದು ಗಂಟು ಬಿಚ್ಚಿಕೊಂಡದ್ದು ಇಲ್ಲಿನ ಗುಡ್ಡದಲ್ಲಿ.

ದೇವಾನಾಂಪಿಯ ಪಿಯದಸಿ ಎಂಬ ಅರಸ ತನ್ನ 13ನೆಯ ಶಿಲಾಶಾಸನದಲ್ಲಿ ಸಿರಿಯಾದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ, ಮ್ಯಾಸಿಡೋನಿಯದ ಆಂಟಿಗೋನಸ್, ಸೈರೀನಿನ ಮಾಗಸ್ ಮತ್ತು ಅಲೆಕ್ಸಾಂಡರ್ ಎಂಬ ಐವರು ಯವನ ರಾಜರನ್ನು ಹೆಸರಿಸಿದ್ದಾನೆ. ತನ್ನ ದೂತರ ಮಾತನ್ನೂ ಎತ್ತಿದ್ದಾನೆ. ಆ ರಾಜರ ಆಳ್ವಿಕೆಯ ವರ್ಷಗಳಿಂದ ಶಾಸನದ ಕಾಲ ಕ್ರಿ.ಪೂ. 3ನೆಯ ಶತಮಾನದ ಮಧ್ಯಭಾಗವೆಂದು ಗೊತ್ತಾಯಿತು. ಆದರೆ ದೂತರನ್ನು ಕಳಿಸಿದ ಅರಸನಾರು?

1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಮೊದಲು ಆತ ಸಿಂಹಳದವನೆಂದು ಎಣಿಸಿದ್ದರು. ಅಲ್ಲಿನ ತಿಸ್ಸನಿಗೂ ಅದೇ ಬಿರುದಿತ್ತು. ಪಿಯದಸಿಯೆಂದರೆ ಅಶೋಕನೇ ಎಂದು ಜಾರ್ಜ್ ಟರ್ನರ್ ಪಾಲಿ ಗ್ರಂಥದ ಆಧಾರದಿಂದ ತೋರಿಸಿದರು. ಆದರೂ ಅದು ಗ್ರಂಥದ ಸಾಕ್ಷ್ಯ. ಆಗ ತಿಳಿದಿದ್ದ ಯಾವ ಶಾಸನದಲ್ಲೂ ಆ ಹೆಸರಿರಲಿಲ್ಲ.

1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಅವರಿಗೆ ಮಸ್ಕಿಯ ಶಾಸನ ಕಂಡಿತು. ಅದನ್ನು ಓದಿ ಪ್ರಕಟಿಸಿದವರು ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು. ಬಿರುದಿನ ಜೊತೆಯಲ್ಲೇ ಅಶೋಕನ ಹೆಸರು ಅಲ್ಲಿತ್ತು. ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳ ಶಾಸನಗಳು ಮುಂದೆ ಅದನ್ನೇ ದೃಢಪಡಿಸಿದವು.

ದೂತರು ಹೋದದ್ದು ಯಾರ ಆಸ್ಥಾನಕ್ಕೆಂದು ತಿಳಿದರೆ ಸಾಲದು, ಯಾರು ಕಳಿಸಿದರೆಂದೂ ತಿಳಿಯಬೇಕು. ಆ ಎರಡನೆಯ ಪ್ರಶ್ನೆಗೆ ಕಲ್ಲಿನ ಉತ್ತರ ಮೊದಲು ದೊರೆತದ್ದು ರಾಯಚೂರು ಸೀಮೆಯಲ್ಲಿ.